ಪಿಡಿಎ ಎಂಬ ಮೂರಕ್ಷರದ ಹಿಂದಿನ ಅಪ್ಪ

ಬ್ರಹ್ಮಪುರದ ಶರಣಬಸವೇಶ್ವರ ಗುಡಿಗೆ ಕೈ ಮುಗಿದು ಅಂಗಡಿ ಬಾಗಿಲು ತೆಗೆಯುವ ಹಿರಿಯ ವ್ಯಾಪಾರಿಗಳಿಗೆ ದೊಡ್ಡಪ್ಪ ಅಪ್ಪ ಹೊಸಬರಲ್ಲ. ಆದರೆ ಬಸ್ಸಿನಲ್ಲಿ ಪಿಡಿಎ ಎಂದು ಟಿಕೆಟ್ ಕೇಳುವ ಹುಡುಗರಲ್ಲಿ ಎಷ್ಟು ಮಂದಿಗೆ ಅದು ಪೂಜ್ಯ ದೊಡ್ಡಪ್ಪ ಅಪ್ಪ ಎಂಬ ಹೆಸರಿನ ಗಿಡ್ಡ ರೂಪ ಅನ್ನೋದು ಗೊತ್ತು?

ಅರಳಗುಂಡಗಿಯಿಂದ ಬಂದು ಕಲಬುರಗಿಯಲ್ಲಿ ನೆಲೆ ನಿಂತು, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರದು ಹಸಿದವರಿಗೆ ಅನ್ನ ಹಾಕುವ ದಾಸೋಹ. ಆ ಸಂಸ್ಥಾನದ 7ನೇ ಪೀಠಾಧಿಪತಿ ದೊಡ್ಡಪ್ಪ ಅಪ್ಪ. ಅನ್ನದ ಜೊತೆ ಅಕ್ಷರವನ್ನೂ ಹಾಕಬೇಕೆಂದು ಹಟ ಹಿಡಿದವರು.

ಆಗ ಊರು ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯಲ್ಲೂ ಶಾಲೆಯಲ್ಲೂ ಉರ್ದುವಿನದೇ ದರ್ಬಾರು. ದೊಡ್ಡ ಓದಿಗೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಗತಿ. 1918ರಲ್ಲಿ ಶುರುವಾದ ಅಲ್ಲಿಯೂ ಪಾಠ ಉರ್ದುವಿನಲ್ಲಿ. ಮುಂದೆ ಮುಖ್ಯಮಂತ್ರಿಯಾದ ಚಿಂಚೋಳಿಯ ವೀರೇಂದ್ರ ಪಾಟೀಲರೂ ಓದಿದ್ದು ಅಲ್ಲೇ. ಗಂಡುಹುಡುಗರ ಕಥೆಯೇ ಹೀಗಾದರೆ ಕನ್ನಡದ ಹೆಣ್ಣುಮಕ್ಕಳನ್ನು ಕೇಳೋರ್ಯಾರು?

ಕೇಳಿದವರು ಅಪ್ಪ. 1935ರ ಸುಮಾರಿಗೆ ಹೆಣ್ಣುಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳುವ ಮಹಾದೇವಿ ಕನ್ಯಾ ಶಾಲೆ ತೆರೆದರು. ಶರಣಬಸವೇಶ್ವರ ವಿದ್ಯಾವರ್ಧಕ ಸಂಘ ಕಟ್ಟಿದರು. ಉರ್ದು ಸರಕಾರದ ಕಣ್ಣೆದುರು ಇದು ಸಣ್ಣ ಧೈರ್ಯವಲ್ಲ.

1956ರಲ್ಲಿ ಕಲಬುರಗಿ ಮೈಸೂರು ರಾಜ್ಯ ಸೇರಿತು. ಎರಡು ವರ್ಷಕ್ಕೆ, 1958ರಲ್ಲಿ, ಮಹದೇವಪ್ಪ ರಾಂಪುರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಎಂಜಿನಿಯರಿಂಗ್ ಕಾಲೇಜು ತೆರೆದು, ಅದಕ್ಕೆ ಅಪ್ಪನ ಹೆಸರಿಟ್ಟಿತು. ಹೊಲದ ಬದುವಿನಲ್ಲಿ ಬೆಳೆದ ಎಷ್ಟೋ ಹುಡುಗರು ಅಲ್ಲಿ ಓದಿ ಎಂಜಿನಿಯರ್ ಆದರು. ಅತ್ತ ಸಂಘದ ಶಾಲೆ ಕಾಲೇಜುಗಳೂ ಬೆಳೆದವು. 1983ರಲ್ಲಿ ಅಪ್ಪ ಲಿಂಗೈಕ್ಯರಾದ ಮೇಲೆ ಮಗ ಶರಣಬಸಪ್ಪ ಅಪ್ಪ ಪೀಠಕ್ಕೆ ಬಂದು ಆ ಕೆಲಸ ಮುಂದುವರಿಸಿದರು. 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯವೇ ತಲೆಯೆತ್ತಿತು.

ಹಳ್ಳಿಯ ಹುಡುಗನನ್ನು ಫೀಸಿಗಿಂತ ಮೊದಲು ಕಾಡೋದು ಎರಡು ಹೊತ್ತಿನ ಊಟ, ಮಲಗಲು ಜಾಗ. ಉಂಡವನಿಗಷ್ಟೇ ಓದು ತಲೆಗೆ ಹತ್ತುತ್ತದೆ ಎಂಬುದು ದಾಸೋಹದ ಮನೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಂದು ಊರಿನಲ್ಲಿ ಕಾಲೇಜಿಗೆ ಬರವಿಲ್ಲ. ಟ್ರಂಕು ಹೊತ್ತು ಬಸ್ಸಿನಿಂದ ಇಳಿಯುವ ಬಡ ಹುಡುಗನಿಗೆ, ಹುಡುಗಿಗೆ ಬಾಡಿಗೆಗೆ ಖೋಲಿ ಕೊಡುವಾಗ ಅಪ್ಪನ ನೆನಪು ಬಂದರೆ ಅದೇ ಅವರಿಗೆ ಸಲ್ಲುವ ಪೂಜೆ.