ಡಾಕ್ಟರ್ ವಿಲಿಯಂ ಜಾನ್ ಲಿಟ್ಲ್

ಚೊಳಚಗುಡ್ಡದ ಬನಶಂಕರಿ ಜಾತ್ರೆಗೆ ಹೋದವರು ಹರಿದ್ರಾತೀರ್ಥದಲ್ಲಿ ಎಳೆಗೂಸುಗಳನ್ನು ಬಾಳೆದಿಂಡಿನ ತೆಪ್ಪದ ಮೇಲೆ ತೇಲಿಸುವ ಹರಕೆಯನ್ನು ಕಂಡಿರಬಹುದು. ಹೆತ್ತ ಕೂಸು ಕೈಕಾಲು ಗಟ್ಟಿಯಾಗಿ ಬೆಳೆಯಲೆಂದು ಹಾರೈಸದ ತಾಯಿಯುಂಟೆ? ಆದರೂ ಕೆಲವು ಕೂಸುಗಳಿಗೆ ವರುಷ ತುಂಬಿದರೂ ಕತ್ತು ನಿಲ್ಲದು. ಕಾಲುಗಳು ಸೆಟೆದು ಕತ್ತರಿಯಂತೆ ಒಂದರ ಮೇಲೊಂದು ಬೀಳುವವು. ಆಗ ನೆರೆಹೊರೆಯವರು ಪೂರ್ವಜನ್ಮವನ್ನು ಹಳಿಯುವರು. ಇಲ್ಲವೆ ಬಸುರಿಯಿದ್ದಾಗ ಗ್ರಹಣ ನೋಡಿದಳೆಂದು ತಾಯಿಯನ್ನೇ ದೂರುವರು. ವೈದ್ಯರು ಸೆರೆಬ್ರಲ್ ಪಾಲ್ಸಿ, ಎಂದರೆ ಮಿದುಳಿನ ಪಾರ್ಶ್ವವಾಯು, ಎನ್ನುವ ಈ ಊನದ ಕಾರಣವನ್ನು ಹೆರಿಗೆಯ ಗಳಿಗೆಯಲ್ಲಿ ಕ್ರಮವಾಗಿ ಹುಡುಕಿದ ಮೊದಲಿಗನು ಲಿಟ್ಲ್.

ಆತನು 1810ರಲ್ಲಿ ಲಂಡನ್ನಿನಲ್ಲಿ ಹುಟ್ಟಿದನು. ಎಳೆತನದಲ್ಲಿಯೇ ಪೋಲಿಯೋ ತಗಲಿ ಎಡಪಾದವು ಸೊಟ್ಟಾಯಿತು. ಕುಂಟನೆಂದು ಕೈಕಟ್ಟಿ ಕೂಡುವ ಜೀವವಲ್ಲ ಅದು, ವೈದ್ಯವಿದ್ಯೆಯನ್ನೇ ಹಿಡಿಯಿತು. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವನ್ನು ಕೊಯ್ದರೆ ಪಾದ ನೆಟ್ಟಗಾದೀತೆಂಬ ಮಾತು ಕಿವಿಗೆ ಬಿದ್ದಾಗ, ಗಾಯ ಕೀತು ಪ್ರಾಣಕ್ಕೇ ಕುತ್ತು ಬಂದೀತೆಂದು ಅನುಭವಿಗಳು ತಡೆದರು. ಆದರೆ ಜರ್ಮನಿಯ ಹ್ಯಾನೋವರಿನಲ್ಲಿ ಸ್ಟ್ರೋಮೇಯರ್ ಎಂಬ ಶಸ್ತ್ರವೈದ್ಯನು ಚರ್ಮದಡಿಗೆ ಸಣ್ಣ ಅಲಗನ್ನು ತೂರಿಸಿ ಅದನ್ನು ಸಾಧಿಸಿದ್ದನು. 1836ರಲ್ಲಿ ಲಿಟ್ಲ್ ಅಲ್ಲಿಗೇ ಹೋಗಿ ತನ್ನ ಕಾಲನ್ನು ಆ ಅಲಗಿಗೆ ಒಡ್ಡಿದನು. ಮೈಮರೆಸುವ ಈಥರ್ ಆಗಿನ್ನೂ ಬಳಕೆಗೆ ಬಂದಿರಲಿಲ್ಲವೆಂಬುದನ್ನು ವಾಚಕರು ನೆನೆಯಬೇಕು. ಕಾಲು ನೆಟ್ಟಗಾಯಿತು. ಮರುವರ್ಷವೇ ಆ ವಿದ್ಯೆಯನ್ನು ಲಂಡನ್ನಿಗೆ ತಂದನು. ಮುಂದೆ ಒಬ್ಬ ಮಗನಿಗೆ ಸ್ಟ್ರೋಮೇಯರನ ಹೆಸರನ್ನೇ ಇಟ್ಟನು.

ಸೊಟ್ಟಗಾಲಿನ ಮಕ್ಕಳು ಅವನನ್ನು ಅರಸಿ ಬರತೊಡಗಿದರು. ಅವರಲ್ಲಿ ಕೆಲವರ ದೋಷವು ಕಾಲಿನದಾಗಿರಲಿಲ್ಲ, ಮಿದುಳಿನದಾಗಿದ್ದಿತು. ಹೆರಿಗೆ ಹೇಗಾಯಿತೆಂದು ಲಿಟ್ಲ್ ವಿಚಾರಿಸುತ್ತ ಹೋದನು. ದಿನ ತುಂಬದ ಹೆರಿಗೆ, ಬಹು ಹೊತ್ತಿನ ಬೇನೆ, ಉಸಿರು ಕಟ್ಟಿ ಹುಟ್ಟಿ ಅಳದೆ ಬಿದ್ದ ಕೂಸು: ಮತ್ತೆ ಮತ್ತೆ ಇದೇ ಕತೆ. 1861ರಲ್ಲಿ ಲಂಡನ್ನಿನ ಪ್ರಸೂತಿವೈದ್ಯರ ಸಂಘದ ಮುಂದೆ 47 ಮಕ್ಕಳ ವೃತ್ತಾಂತವನ್ನು ಪಟ್ಟಿಮಾಡಿ ಮಂಡಿಸಿದನು. ಉಸಿರು ಕಟ್ಟಿ ಹುಟ್ಟಿ ಬದುಕುಳಿದವರಲ್ಲಿ ಬಹುಮಂದಿಗೆ ಯಾವ ಊನವೂ ಆಗದೆಂಬುದನ್ನೂ ಅವನು ಮರೆಮಾಚಲಿಲ್ಲ. ನನಗಂತೂ ಅವನ ಶೋಧಕ್ಕಿಂತ ಈ ಪ್ರಾಮಾಣಿಕತೆಯೇ ದೊಡ್ಡದಾಗಿ ಕಾಣುತ್ತದೆ. ಬಹುಕಾಲ ಈ ವ್ಯಾಧಿಗೆ ಲಿಟ್ಲನ ರೋಗವೆಂದೇ ಹೆಸರಿದ್ದಿತು.

ಆತನು 1894ರಲ್ಲಿ ತೀರಿಕೊಂಡನು. 1897ರಲ್ಲಿ ಫ್ರಾಯ್ಡ್, ಮನಃಶಾಸ್ತ್ರದಿಂದ ನಮಗೆ ಪರಿಚಿತನಾದ ಅದೇ ಫ್ರಾಯ್ಡ್, ಬೇರೊಂದು ಶಂಕೆಯನ್ನೆತ್ತಿದನು: ಗರ್ಭದಲ್ಲಿಯೇ ಆದ ಕೆಡುಕಿನಿಂದ ಹೆರಿಗೆಯೂ ಕಷ್ಟವಾಗಿರಬಾರದೇಕೆ? ಅಮೆರಿಕದಲ್ಲಿ 1959ರಿಂದ 1966ರವರೆಗೆ ಐವತ್ತು ಸಾವಿರಕ್ಕೂ ಮಿಕ್ಕಿದ ಗರ್ಭಿಣಿಯರನ್ನು ಸೇರಿಸಿಕೊಂಡು ನಡೆದ ಅಧ್ಯಯನವು ಬಹುಮಟ್ಟಿಗೆ ಫ್ರಾಯ್ಡನ ಪಕ್ಷಕ್ಕೇ ವಾಲಿತು. ಸೋಂಕು, ವಿಪರೀತ ಕಾಮಾಲೆ, ವಂಶವಾಹಿಗಳ ದೋಷ ಇವೂ ಕಾರಣಗಳೆಂದು ಈಗ ತಿಳಿದಿದೆ. ಗ್ರಹಣವು ಯಾವ ಪಟ್ಟಿಯಲ್ಲಿಯೂ ಇಲ್ಲ.

ಹಾಗೆಂದು ಲಿಟ್ಲನ ಮಾತು ಸುಳ್ಳಾಗಲಿಲ್ಲ. ಬೇನೆ ತಿನ್ನುವ ಹೆಂಗಸು ಆಸ್ಪತ್ರೆಗೆ ತಡವಾಗಿ ತಲುಪುವ ಸೀಮೆಗಳಲ್ಲಿ ಉಸಿರು ಕಟ್ಟಿದ ಕೂಸಿನ ಪ್ರಶ್ನೆ ಇನ್ನೂ ದೊಡ್ಡದೇ. ಭಾರತ ಸರಕಾರವು 2009ರಲ್ಲಿ ಆರಂಭಿಸಿದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ ಮಾಡಿಸುವ ನರ್ಸುಗಳಿಗೆ, ಅಳದ ಕೂಸನ್ನು ಒರೆಸಿ, ಬೆಚ್ಚಗಿರಿಸಿ, ಮೂಗುಬಾಯಿಗಳ ಮೇಲೆ ಮಾಸ್ಕ್ ಇಟ್ಟು, ಕೈಚೀಲ ಒತ್ತಿ ಉಸಿರು ಕೊಡುವುದನ್ನು ಕಲಿಸಲಾಗುತ್ತದೆ. ಹುಟ್ಟಿದ ಮೊದಲ ಒಂದು ನಿಮಿಷದೊಳಗೇ ಆ ಉಸಿರು ಆರಂಭವಾಗಬೇಕು.