ಗಾಯಕನಟ ಭಾವೂರಾವ ಕೊಲ್ಹಟಕರರು

ಪುಣೆಯ ನಮ್ಮ ವಿದ್ಯಾರ್ಥಿಗಳಿಗೆ ಬಾಲಗಂಧರ್ವರ ಹೆಸರು ಅಪರಿಚಿತವಲ್ಲ. ಜಂಗಲಿ ಮಹಾರಾಜ ರಸ್ತೆಯಲ್ಲಿ 1968ರಲ್ಲಿ ತೆರೆದ ರಂಗಮಂದಿರವು ಅವರ ಹೆಸರನ್ನೇ ಹೊತ್ತು ನಿಂತಿದೆ. ಆದರೆ ಅವರಿಗೂ ಮೊದಲು ಇದೇ ಊರಿನ ರಸಿಕರನ್ನು ತಮ್ಮ ಕಂಠದಿಂದ ಮರುಳುಗೊಳಿಸಿದ ಭಾವೂರಾವ ಕೊಲ್ಹಟಕರರನ್ನು ಬಲ್ಲವರು ನಿಮ್ಮಲ್ಲಿ ವಿರಳ. ಅವರ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವೆವು.

ಭಾವೂರಾವರು 1863ನೆಯ ಇಸವಿ ಮಾರ್ಚ್ 9ರಂದು ಬಡೋದೆಯಲ್ಲಿ ಜನಿಸಿದರು. ಲಕ್ಷ್ಮಣನೆಂಬುದು ಅವರ ನಿಜನಾಮ. ಅವರ ಭಾಗ್ಯೋದಯಕ್ಕೆ ಕಾರಣರಾದವರು ಅಣ್ಣಾಸಾಹೇಬ ಕಿರ್ಲೋಸ್ಕರರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, ನಮ್ಮ ನೆಲದವರೇ. ಅಲ್ಲಿಯವರೆಗಿನ ಪೌರಾಣಿಕ ಆಟಗಳಲ್ಲಿ ಪದಗಳನ್ನೆಲ್ಲ ಸೂತ್ರಧಾರನೇ ಹಾಡುತ್ತಿದ್ದನು. ಅಣ್ಣಾಸಾಹೇಬರು 1880ರ ಅಕ್ಟೋಬರ 31ರಂದು ಪುಣೆಯಲ್ಲಿ ಸಂಗೀತ ಶಾಕುಂತಲವನ್ನು ಆಡಿಸಿ, ಹಾಡನ್ನು ಆಯಾ ಪಾತ್ರದ ಬಾಯಿಗೇ ಕೊಟ್ಟರು. ಕನ್ನಡದ ಧಾಟಿಗಳನ್ನೂ ಮರಾಠಿ ಪದಗಳಿಗೆ ಹೊಂದಿಸಿದರು. ಇಂತಹ ನಾಟಕಕ್ಕೆ ಕೇವಲ ನಟನು ಸಾಲನು; ಗಾಯಕನೇ ಬೇಕು.

ಅಂತಹ ಗಾಯಕನು ಅವರಿಗೆ 1882ರಲ್ಲಿ ದೊರೆತನು. ಹತ್ತೊಂಬತ್ತರ ತರುಣ ಭಾವೂರಾವರು ಮಂಡಳಿಯನ್ನು ಸೇರಿದರು. ಆಗ ಈ ಮಂಡಳಿಗಳಲ್ಲಿ ಸ್ತ್ರೀಯರು ವೇಷ ಹಾಕುತ್ತಿರಲಿಲ್ಲ. ಶಕುಂತಲೆಯೂ ಭಾವೂರಾವರೇ, ಅದೇ ವರ್ಷ ಹೊಸದಾಗಿ ಬಂದ ಸೌಭದ್ರದ ಸುಭದ್ರೆಯೂ ಅವರೇ. ಧ್ವನಿವರ್ಧಕವಿಲ್ಲದ ಕಾಲ, ಕಟ್ಟಕಡೆಯ ಸಾಲಿನವನಿಗೂ ಕೇಳುವಂತೆ ಹಾಡಬೇಕು, ಆದರೂ ಮಾಧುರ್ಯ ಕೆಡಬಾರದು. 1885ರಲ್ಲಿ ಅಣ್ಣಾಸಾಹೇಬರು ತೀರಿಕೊಳ್ಳಲು, ಮಂಡಳಿಯ ಭಾರವು ಭಾವೂರಾವರ ಮತ್ತು ಸಂಗಡಿಗರ ಹೆಗಲಿಗೆ ಬಂದಿತು. ವಯಸ್ಸಾದಂತೆ ಅವರು ಪುರುಷಪಾತ್ರಗಳಿಗೆ ತಿರುಗಿದರು. 1901ರ ಫೆಬ್ರುವರಿ 13ರಂದು, ಮೂವತ್ತೆಂಟು ತುಂಬುವ ಮೊದಲೇ, ಕಾಲವಶರಾದರು.

ಆ ಕಾಲದಲ್ಲಿ ಗಾಯಕರ ಕೀರ್ತಿಯನ್ನು ದೂರಕ್ಕೆ ಒಯ್ಯುತ್ತಿದ್ದುದು ಚಿತ್ರ. ಯುರೋಪಿನಲ್ಲಿ ಜೆನ್ನಿ ಲಿಂಡ್ ಎಂಬ ಗಾಯಕಿಯ ಕಲ್ಲಚ್ಚಿನ ಭಾವಚಿತ್ರಗಳು ಆಕೆಯ ಹಾಡನ್ನು ಕೇಳದವರ ಕೈಗೂ ಸೇರಿದ್ದವು. ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು ನೀರು ಸವರಿದರೆ, ಮಸಿಯು ಜಿಡ್ಡಿಗೆ ಮಾತ್ರ ಹತ್ತುತ್ತದೆ. ಇದನ್ನು ಕಂಡುಹಿಡಿದ ಸೆನೆಫೆಲ್ಡರನು ನಟನ ಮಗನು. ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚುಹಾಕಿಸುವುದಕ್ಕೇ ಉಪಾಯ ಹುಡುಕುತ್ತಿದ್ದನಂತೆ! ಪುಣೆಯಲ್ಲಿಯೂ 1878ರಲ್ಲಿ ಚಿತ್ರಶಾಲಾ ಮುದ್ರಣಾಲಯವು ಹುಟ್ಟಿ, ದೇವದೇವತೆಗಳ ಮತ್ತು ಪೇಶವೆ ಕಾಲದ ಪುರುಷರ ಚಿತ್ರಗಳನ್ನು ಮನೆಮನೆಗೆ ಮುಟ್ಟಿಸಿತು.

ಭಾವೂರಾವರ ಮುಖವನ್ನು ನಾವು ಇಂದು ಮರಾಠಿ ರಂಗಭೂಮಿಯ ಇತಿಹಾಸಗ್ರಂಥಗಳಲ್ಲಿ ನೋಡಬಹುದು. ಕಂಠವನ್ನು ಮಾತ್ರ ಕೇಳಲಾರೆವು. ಗ್ರಾಮಫೋನಿನವರು ಕಲಕತ್ತೆಗೆ ಬಂದು ನಮ್ಮ ದೇಶದ ಗಾಯಕರ ಧ್ವನಿಮುದ್ರಣ ಮಾಡಿದ್ದು 1902ರಲ್ಲಿ. ಎರಡು ವರ್ಷ ತುಂಬುವುದರೊಳಗೆ ತಪ್ಪಿಹೋದ ಸಂಧಿ! 1905ರಲ್ಲಿ ಅದೇ ಮಂಡಳಿಯನ್ನು ಸೇರಿದ ಬಾಲಗಂಧರ್ವರ ತಟ್ಟೆಗಳು ಉಳಿದಿವೆ. ಅವರನ್ನು ಕೇಳಿ ನಾವೇ ಬೆಲೆಕಟ್ಟಬಲ್ಲೆವು. ಇಬ್ಬರಲ್ಲಿ ಹೆಚ್ಚಿನವರು ಯಾರೆಂದು ವಾದಿಸುವುದು ನಮ್ಮ ಮಟ್ಟಿಗೆ ವ್ಯರ್ಥ.

ಸೌಭದ್ರವನ್ನು ಇಂದಿಗೂ ಆಡುತ್ತಾರೆ. ಸುಭದ್ರೆಯ ಪಾತ್ರವನ್ನು ಈಗ ಸ್ತ್ರೀಯರೇ ವಹಿಸುತ್ತಾರೆ.