ಎದೆಬಡಿತಕ್ಕೆ ಅಕ್ಷರ ಕೊಟ್ಟ ಐಂಥೋವನ್ ಮತ್ತು ಯಂತ್ರ ತಪ್ಪಾಗಿ ಓದುವ ಹೃದಯಗಳು

2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಟಿವಿಗಳಲ್ಲಿ ಸುತ್ತುತ್ತಿದ್ದಾಗ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಬಹುತೇಕರಿಗೆ ಬೇಕಿದ್ದದ್ದು ಒಂದು ಇಸಿಜಿ. ಚೌಕುಳಿ ಕಾಗದ, ಅದರ ಮೇಲೆ ಏರಿಳಿಯುವ ಗೆರೆ, ಮೇಲ್ತುದಿಯಲ್ಲಿ ಯಂತ್ರವೇ ಅಚ್ಚು ಹಾಕಿದ ಎರಡು-ಮೂರು ಸಾಲು ಇಂಗ್ಲಿಷ್. ಸರ್ಕಾರ ಸಮಿತಿ ಮಾಡಿತು, ಚಾನೆಲ್‌ಗಳು ಚರ್ಚೆ ಮಾಡಿದವು. ಆದರೆ ಆ ಎರಡು ಸಾಲನ್ನು ಬರೆಯುವ ಯಂತ್ರ ಹೃದಯವನ್ನು ಹೇಗೆ ಓದುತ್ತೆ, ಯಾರ ಹೃದಯ ನೋಡಿ ಕಲಿತಿದೆ ಅನ್ನೋ ಪ್ರಶ್ನೆ ಎಲ್ಲೂ ನನ್ನ ಕಿವಿಗೆ ಬೀಳಲಿಲ್ಲ. ನಾನು ಎಲೆಕ್ಟ್ರಾನಿಕ್ಸ್ ಓದಿದವನು, ಈ ಗೆರೆಗಳನ್ನು ಕೋಡ್ ಬರೆದು ಗುರುತಿಸುವ ಕೆಲಸ ಒಂದಷ್ಟು ಕಾಲ ಮಾಡಿದವನು. ಆ ಗೆರೆಯ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ಅಮೆರಿಕವೂ ಅಲ್ಲ, ಇಂಗ್ಲೆಂಡೂ ಅಲ್ಲ. ಡಚ್ಚರು ಆಳುತ್ತಿದ್ದ ಜಾವಾ.

ವಿಲ್ಲೆಮ್ ಐಂಥೋವನ್ ಹುಟ್ಟಿದ್ದು 1860ರ ಮೇ 21ರಂದು, ಜಾವಾದ ಸೆಮರಾಂಗ್ ಎಂಬ ಬಂದರು ಊರಿನಲ್ಲಿ. ಆ ಕಾಲದ ಜಾವಾ ಅಂದರೆ ರೈತರು ತಮ್ಮ ನೆಲದ ಒಂದು ಭಾಗದಲ್ಲಿ ಡಚ್ ಸರ್ಕಾರಕ್ಕೆಂದೇ ಕಾಫಿ, ಕಬ್ಬು, ನೀಲಿ ಬೆಳೆದು ಕೊಡಬೇಕಿದ್ದ ಜಾವಾ. ನೀಲಿ ಬೆಳೆಯ ಬಲವಂತ ಏನು ಅಂತ ಬಂಗಾಳ, ಚಂಪಾರಣ್ಯದ ಕಥೆ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಶೋಷಣೆಯನ್ನು ಡಚ್ಚರ ಮುಖಕ್ಕೆ ಹಿಡಿದ ಮುಲ್ತಾತುಲಿಯ ಕಾದಂಬರಿ ‘ಮ್ಯಾಕ್ಸ್ ಹಾವೆಲಾರ್’ ಪ್ರಕಟವಾಗಿದ್ದು ಕೂಡ ಅದೇ 1860ರಲ್ಲಿ. ಐಂಥೋವನ್ ಅವರ ಅಪ್ಪ ಜೇಕಬ್ ಅಲ್ಲಿ ವೈದ್ಯರು. ಅಮ್ಮನ ಅಪ್ಪ ವಸಾಹತಿನ ಹಣಕಾಸು ಇಲಾಖೆಯ ನಿರ್ದೇಶಕರು. ಅಂದರೆ ಲೂಟಿಯ ಲೆಕ್ಕ ಬರೆಯುವ ಮನೆತನ ಅಂತ ನಾನು ಹೇಳಿದರೆ ಅದು ಅತಿಯಾಗಲಿಕ್ಕಿಲ್ಲ. ಹುಡುಗನಿಗೆ ಆರು ವರ್ಷವಿದ್ದಾಗ ಅಪ್ಪ ತೀರಿಕೊಂಡರು. ನಾಲ್ಕು ವರ್ಷದ ಬಳಿಕ ಅಮ್ಮ ಆರು ಮಕ್ಕಳನ್ನು ಕಟ್ಟಿಕೊಂಡು ಹಾಲೆಂಡಿಗೆ ವಾಪಸ್ ಹೋಗಿ ಉಟ್ರೆಕ್ಟ್ ಊರಲ್ಲಿ ನೆಲೆಸಿದರು.

1878ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ವೈದ್ಯಕೀಯ ಓದೋಕೆ. ಓದಿನ ಖರ್ಚಿಗೆ ಒಂದು ಕರಾರು: ಮುಗಿದ ಮೇಲೆ ವಸಾಹತು ಸೇನೆಯ ವೈದ್ಯನಾಗಿ ಹೋಗಬೇಕು. ಅಪ್ಪನ ದಾರಿಯೇ. ಆದರೆ ಈ ವಿದ್ಯಾರ್ಥಿಗೆ ರೋಗಿಗಿಂತ ಯಂತ್ರದ ಮೇಲೆ ಕಣ್ಣು. ಆಟದಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಾಗಲೂ ಸುಮ್ಮನೆ ಮಲಗದೆ, ಮೊಣಕೈ ಹೇಗೆ ತಿರುಗುತ್ತೆ ಅಂತ ಲೆಕ್ಕ ಹಾಕಿ ಅದರ ಮೇಲೊಂದು ಲೇಖನ ಬರೆದ ಆಸಾಮಿ. 1885ರಲ್ಲಿ ಪಿಎಚ್‌.ಡಿ, ಅದರ ಬೆನ್ನಿಗೇ ಲೈಡನ್ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾ ವಿಜ್ಞಾನದ ಪ್ರೊಫೆಸರ್ ಹುದ್ದೆ. ವಯಸ್ಸಿನ್ನೂ 25. ಸೇನೆಯ ಹಣ ತೀರಿಸಿ ಲೈಡನ್‌ಗೆ ಹೋದವರು ಸಾಯುವತನಕ ಅಲ್ಲೇ ಇದ್ದರು.

ಈಗ ಲಂಡನ್ನಿನ ಆಗಸ್ಟಸ್ ವಾಲರ್ ಬಗ್ಗೆ ಹೇಳಲೇಬೇಕು. ಎದೆ ಸೀಳದೆ, ಹೊರಗಿನಿಂದಲೇ ಮನುಷ್ಯನ ಹೃದಯದ ವಿದ್ಯುತ್ತನ್ನು ಮೊದಲು ದಾಖಲಿಸಿದ್ದು ಅವರು, 1887ರಲ್ಲಿ. ತಮ್ಮ ನಾಯಿ ಜಿಮ್ಮಿಯ ಕಾಲುಗಳನ್ನು ಉಪ್ಪುನೀರಿನ ಜಾಡಿಯಲ್ಲಿ ನಿಲ್ಲಿಸಿ ಪ್ರದರ್ಶನ ಕೊಡುತ್ತಿದ್ದರು. ಇದು ಪ್ರಾಣಿಹಿಂಸೆ ಅಂತ ಮುಂದೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲೇ ಪ್ರಶ್ನೆ ಎದ್ದಿತು! ವಸಾಹತುಗಳ ಮನುಷ್ಯರ ಬಗ್ಗೆ ಅದೇ ಸದನದಲ್ಲಿ ಅಷ್ಟೇ ಕಾಳಜಿ ಇತ್ತಾ ಅನ್ನೋದನ್ನ ನಿಮಗೇ ಬಿಡ್ತೀನಿ. ವಾಲರ್‌ಗೆ ತಮ್ಮ ಶೋಧನೆ ಆಸ್ಪತ್ರೆಗಳಲ್ಲಿ ಹೆಚ್ಚೇನೂ ಬಳಕೆಗೆ ಬರುತ್ತೆ ಅನ್ನೋ ನಂಬಿಕೆ ಇರಲಿಲ್ಲ. 1889ರಲ್ಲಿ ಬಾಸೆಲ್ ನಗರದ ಶರೀರಕ್ರಿಯಾ ವಿಜ್ಞಾನಿಗಳ ಸಮ್ಮೇಳನದಲ್ಲಿ ಅವರ ಪ್ರದರ್ಶನ ನೋಡಿದವರಲ್ಲಿ ಐಂಥೋವನ್ ಒಬ್ಬರು. ಅವರಿಗೆ ನಂಬಿಕೆ ಬಂತು, ಜೊತೆಗೆ ಸಿಟ್ಟೂ ಬಂದಿರಬೇಕು. ಯಾಕಂದ್ರೆ ಆಗಿನ ಯಂತ್ರ ಅಷ್ಟು ಮಂದ.

ಅದರ ಹೆಸರು ಕ್ಯಾಪಿಲರಿ ಎಲೆಕ್ಟ್ರೋಮೀಟರ್. ಸಣ್ಣ ಗಾಜಿನ ಕೊಳವೆಯಲ್ಲಿ ಪಾದರಸ, ಅದಕ್ಕೆ ತಾಗಿ ಆಮ್ಲ. ವಿದ್ಯುತ್ ಬದಲಾದಾಗ ಪಾದರಸದ ಅಂಚು ಏರಿಳಿಯುತ್ತೆ. ಆದರೆ ಪಾದರಸ ಭಾರ, ಸೋಮಾರಿ. ಹೃದಯ ಮಾಡಿದ್ದನ್ನು ಅದು ತಡವಾಗಿ, ಮೊಂಡಾಗಿ ಬರೆಯುತ್ತೆ. ಐಂಥೋವನ್ ಏನು ಮಾಡಿದರು ಗೊತ್ತಾ? ಈ ಯಂತ್ರ ಎಷ್ಟು ಸುಳ್ಳು ಹೇಳುತ್ತೆ ಅಂತ ಗಣಿತದಲ್ಲಿ ಲೆಕ್ಕ ಹಾಕಿ, ಆ ಸುಳ್ಳನ್ನು ಕಳೆದು, ನಿಜವಾದ ಗೆರೆ ಹೇಗಿರಬೇಕು ಅಂತ ಕೈಯಲ್ಲೇ ಬಿಡಿಸಿದರು. ಯಂತ್ರ ಕೊಟ್ಟ ಹಸಿ ಗೆರೆಯ ಉಬ್ಬುತಗ್ಗುಗಳಿಗೆ ಎ, ಬಿ, ಸಿ, ಡಿ ಎಂಬ ಹೆಸರಿತ್ತು. ಅವೆರಡೂ ಗೋಜಲಾಗಬಾರದು ಅಂತ ಲೆಕ್ಕದಿಂದ ಬಂದ ಗೆರೆಗೆ 1895ರಲ್ಲಿ ಬೇರೆ ಅಕ್ಷರ ಕೊಟ್ಟರು: ಪಿ, ಕ್ಯು, ಆರ್, ಎಸ್, ಟಿ. ಇವತ್ತು ಎಂಬಿಬಿಎಸ್ ಹುಡುಗರು ಬಾಯಿಪಾಠ ಮಾಡುವುದು ಇದನ್ನೇ. ಮೇಲಿನ ಹೃತ್ಕರ್ಣಗಳು ಚುರುಕಾಗುವಾಗ ಪಿ ಎಂಬ ಸಣ್ಣ ಗುಡ್ಡ. ಕೆಳಗಿನ ಹೃತ್ಕುಕ್ಷಿಗಳು ಚುರುಕಾಗುವಾಗ ಕ್ಯುಆರ್‌ಎಸ್ ಎಂಬ ಚೂಪು ಶಿಖರ. ಅವು ಮತ್ತೆ ಸಜ್ಜಾಗುವಾಗ ಟಿ ಎಂಬ ದುಂಡು ದಿಬ್ಬ. ಈ ಅಕ್ಷರಗಳು ಮೈಯಿಂದ ಬಂದವಲ್ಲ, ಲೆಕ್ಕದಿಂದ ಬಂದವು ಅನ್ನೋದು ನನಗೆ ಇಡೀ ಕಥೆಯ ಮುಖ್ಯ ಸಂಗತಿ. ಅಲ್ಗಾರಿದಮ್ ಅನ್ನೋ ಪದ ಆಸ್ಪತ್ರೆಗೆ ಬರುವ ಎಷ್ಟೋ ಮುಂಚೆಯೇ ಇಸಿಜಿಯೊಳಗೆ ಅಲ್ಗಾರಿದಮ್ ಇತ್ತು.

ಆದರೂ ಪ್ರತಿ ರೋಗಿಗೂ ಹಾಗೆ ಲೆಕ್ಕ ಮಾಡುತ್ತಾ ಕೂರೋಕಾಗುತ್ತಾ? ಹಾಗಾಗಿ ಸುಳ್ಳು ಹೇಳದ ಯಂತ್ರವನ್ನೇ ಕಟ್ಟಲು ಹೊರಟರು. ಕ್ವಾರ್ಟ್ಸ್ ಕಲ್ಲನ್ನು ಕರಗಿಸಿ, ಅದನ್ನು ಬಾಣದ ಬಾಲಕ್ಕೆ ಅಂಟಿಸಿ, ಬಾಣ ಬಿಟ್ಟರೆ ಅದರ ಹಿಂದೆ ಎಳೆ ಹೊರಡುತ್ತೆ. ತಲೆಗೂದಲಿಗಿಂತ ಹತ್ತಾರು ಪಟ್ಟು ತೆಳು. ಅದಕ್ಕೆ ಬೆಳ್ಳಿ ಲೇಪಿಸಿ ದೊಡ್ಡ ವಿದ್ಯುತ್ಕಾಂತದ ನಡುವೆ ಕಟ್ಟಿದರು. ಹೃದಯದ ವಿದ್ಯುತ್ ಹರಿದಾಗ ಎಳೆ ಅಲ್ಲಾಡುತ್ತೆ, ಅದರ ನೆರಳು ಚಲಿಸುವ ಫೋಟೋ ಪ್ಲೇಟಿನ ಮೇಲೆ ಬೀಳುತ್ತೆ. ಇದೇ ಸ್ಟ್ರಿಂಗ್ ಗ್ಯಾಲ್ವನೋಮೀಟರ್. ಮೊದಲ ವರದಿ 1901ರಲ್ಲಿ. ತೂಕ ಸುಮಾರು 270 ಕಿಲೋ, ಎರಡು ಕೋಣೆ ಜಾಗ, ನಡೆಸಲು ಐದು ಜನ, ಕಾಂತ ಕಾಯದಂತೆ ತಣ್ಣೀರಿನ ಹರಿವು. ಎರಡೂ ಕೈ, ಒಂದು ಕಾಲನ್ನು ಉಪ್ಪುನೀರಿನ ಜಾಡಿಗೆ ಇಟ್ಟು ಕೂರಬೇಕು. ಅವತ್ತು ಬಂದ ಗೆರೆ ಇವತ್ತಿನ ಗೆರೆಗಿಂತ ಕಳಪೆಯೇನೂ ಅಲ್ಲ.

ಅಷ್ಟು ದೊಡ್ಡ ಯಂತ್ರವನ್ನು ಆಸ್ಪತ್ರೆಗೆ ಒಯ್ಯೋದು ಸಾಧ್ಯವಿರಲಿಲ್ಲ. ಹಾಗಾದ್ರೆ ಹೃದಯವನ್ನೇ ತಂತಿಯಲ್ಲಿ ತರಿಸೋಣ ಅಂದುಕೊಂಡರು. 1905ರ ಮಾರ್ಚ್‌ನಲ್ಲಿ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ಪ್ರಯೋಗಾಲಯಕ್ಕೆ ಎದೆಬಡಿತ ಬಂತು. ಇವತ್ತು ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ಪರಿಣತರನ್ನು ತಲುಪಿ, ಹೃದಯಾಘಾತ ಅಂತ ಖಾತ್ರಿಯಾದರೆ ಅಲ್ಲೇ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡ್ತಾರಲ್ಲ, ಅದರ ಮುತ್ತಜ್ಜ ಈ ಲೈಡನ್‌ನ ತಂತಿ.

ತಂತಿ ಬಂದ ಮೇಲೆ ಸರಿಯಿಲ್ಲದ ಹೃದಯಗಳು ಕಾಣತೊಡಗಿದವು. 1906ರಲ್ಲಿ ಐಂಥೋವನ್ ಪ್ರಕಟಿಸಿದ ದೀರ್ಘ ಲೇಖನದಲ್ಲಿ ದಪ್ಪಗಾದ ಹೃತ್ಕುಕ್ಷಿಗಳಿವೆ, ಹೊತ್ತಿಗೆ ಮುಂಚೆ ಬೀಳುವ ಬಡಿತಗಳಿವೆ, ಪೂರ್ಣ ಹೃದಯ ತಡೆ ಇದೆ. ಈ ಕೊನೆಯದನ್ನು ಸ್ವಲ್ಪ ಗಮನಿಸಿ. ಇಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ಮಾತೇ ಇಲ್ಲ. ಪಿ ಅಲೆಗಳು ತಮ್ಮ ಪಾಡಿಗೆ, ಕ್ಯುಆರ್‌ಎಸ್ ತಮ್ಮ ಪಾಡಿಗೆ. ಒಂದು ಪಿ ಟಿಯ ಹೊಟ್ಟೆಯೊಳಗೆ ಅಡಗಿರುತ್ತೆ, ಇನ್ನೊಂದು ಕ್ಯುಆರ್‌ಎಸ್‌ನ ಅಡಿಗೆ ಸಿಕ್ಕು ಕಾಣೋದೇ ಇಲ್ಲ. ಹೃತ್ಕರ್ಣ ಕಂಪನ ಅನ್ನೋ ಸ್ಥಿತಿಯಲ್ಲಂತೂ ಪಿ ಇರೋದೇ ಇಲ್ಲ, ಸಣ್ಣ ನಡುಕ ಅಷ್ಟೇ. ಅನುಭವಿ ವೈದ್ಯರ ಕಣ್ಣು ಇದನ್ನು ಹಿಡಿಯುತ್ತೆ. ಪ್ರತಿ ಬಡಿತಕ್ಕೂ ಒಂದು ಪಿ ಹುಡುಕು ಅಂತ ಬರೆದ ಕೋಡ್ ಇಲ್ಲದ ಪಿಯನ್ನೂ ಹುಡುಕಿ ಕೊಡುತ್ತೆ.

ಕಂಪ್ಯೂಟರ್ ಈ ಕೆಲಸಕ್ಕೆ ಇಳಿದದ್ದು 1950ರ ದಶಕದ ಕೊನೆಗೆ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆ ವ್ಯವಸ್ಥೆಯಲ್ಲಿ, ಹ್ಯೂಬರ್ಟ್ ಪಿಪ್‌ಬರ್ಗರ್ ಅಂಥವರ ಕೈಯಲ್ಲಿ. ನನ್ನಂಥ ವಿದ್ಯಾರ್ಥಿಗಳು ಕಲಿಯುವ ಪಾನ್-ಟಾಂಪ್ಕಿನ್ಸ್ ಅಲ್ಗಾರಿದಮ್ ಬಂದಿದ್ದು 1985ರಲ್ಲಿ. ಅದರ ಉಪಾಯ ಸರಳ. ಉಸಿರಾಟದ ನಿಧಾನ ಏರಿಳಿತ, ಸ್ನಾಯುಗಳ ವೇಗದ ಗದ್ದಲ ಎರಡನ್ನೂ ಸೋಸಿ ತೆಗೆ. ಗೆರೆ ಎಲ್ಲಿ ಕಡಿದಾಗಿ ಏರುತ್ತೆ ನೋಡು. ಆ ಏರನ್ನು ವರ್ಗ ಮಾಡಿ ದೊಡ್ಡದಾಗಿಸು. 150 ಮಿಲಿಸೆಕೆಂಡಿನ ಕಿಟಕಿಯಲ್ಲಿ ಕೂಡಿಸು. ಮಿತಿ ದಾಟಿದರೆ ಅದು ಬಡಿತ. ಮಿತಿ ಕೂಡ ಹಿಂದಿನ ಬಡಿತಗಳನ್ನು ನೋಡಿ ಬದಲಾಗುತ್ತಾ ಹೋಗುತ್ತೆ. 99.3% ಬಡಿತಗಳನ್ನು ಇದು ಸರಿಯಾಗಿ ಹಿಡಿಯಿತು.

99.3 ಅಂದ ಕೂಡಲೇ ಚಪ್ಪಾಳೆ ಬೀಳುತ್ತೆ. ಸ್ವಲ್ಪ ತಡೀರಿ. ಮನುಷ್ಯನ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತೆ. 0.7% ಅಂದರೆ ದಿನಕ್ಕೆ 700 ತಪ್ಪು. ಅದಕ್ಕಿಂತ ಮುಖ್ಯ, ಈ ತಪ್ಪು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಲ್ಲ. ಈ ಅಲ್ಗಾರಿದಮ್‌ನ ಪರೀಕ್ಷೆ ನಡೆದಿದ್ದು ಎಂಐಟಿ-ಬಿಐಎಚ್ ಎಂಬ ಸಂಗ್ರಹದ ಮೇಲೆ: ಅರ್ಧರ್ಧ ಗಂಟೆಯ 48 ದಾಖಲೆ. ಒಟ್ಟು ತಪ್ಪುಗಳಲ್ಲಿ ಕಾಲು ಭಾಗದಷ್ಟು ಒಂದೇ ಒಂದು ದಾಖಲೆಯಲ್ಲಿವೆ, 108ನೇ ನಂಬರಿನದ್ದು. ಆ ಮನುಷ್ಯರ ಪಿ ಅಲೆ ಅಸಾಮಾನ್ಯ ಎತ್ತರ, ಯಂತ್ರ ಅದನ್ನೇ ಇನ್ನೊಂದು ಬಡಿತ ಅಂತ ಎಣಿಸಿಬಿಡುತ್ತೆ. ಸರಾಸರಿ ಅನ್ನೋದು ಎಂಥ ಚಾಲಾಕಿ ಸಂಖ್ಯೆ ಅಂತ ತಲಾದಾಯದ ಲೆಕ್ಕ ನೋಡಿದವರಿಗೆ ಗೊತ್ತು. ಆರೋಗ್ಯವಂತರ ಹೃದಯವನ್ನು ಯಂತ್ರ ಚೆನ್ನಾಗಿಯೇ ಓದುತ್ತೆ. ಓದಿಸಿಕೊಳ್ಳೋ ಅಗತ್ಯ ಯಾರಿಗೆ ಹೆಚ್ಚಿದೆಯೋ ಅವರ ಹತ್ತಿರವೇ ತಡವರಿಸುತ್ತೆ.

ಈ 48 ದಾಖಲೆಗಳು ಯಾರವು? 1975ರಿಂದ 1979ರ ನಡುವೆ ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ದಾಖಲಾದ 47 ಜನರವು. ಇಬ್ಬಿಬ್ಬರು ಹೃದಯತಜ್ಞರು ಬೇರೆಬೇರೆಯಾಗಿ ಕೂತು, ಭಿನ್ನಾಭಿಪ್ರಾಯ ಬಂದಲ್ಲಿ ಚರ್ಚಿಸಿ, ಸುಮಾರು 1,10,000 ಗುರುತು ಹಾಕಿದರು. ಮೆಚ್ಚಲೇಬೇಕಾದ ದುಡಿಮೆ. ಇವತ್ತು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು, ನಾನೂ ಇಳಿಸಿಕೊಂಡೇ ಕಲಿತೆ. ಆದರೆ ಅಲ್ಲಿ ಗುರುತಿರುವುದು ಬಡಿತಕ್ಕೆ, ಪಿ ಎಲ್ಲಿ ಶುರುವಾಯ್ತು, ಟಿ ಎಲ್ಲಿ ಮುಗೀತು ಅನ್ನೋದಕ್ಕಲ್ಲ. ಅದಕ್ಕೆಂದೇ 1997ರಲ್ಲಿ ಕ್ಯುಟಿ ಡೇಟಾಬೇಸ್ ಬಂತು. 105 ದಾಖಲೆ, ತಜ್ಞರು ಕೈಯಾರೆ ಅಂಚು ಗುರುತಿಸಿದ ಸುಮಾರು 3600 ಬಡಿತ. ಎರಡನೇ ತಜ್ಞರೂ ನೋಡಿದ್ದು 11 ದಾಖಲೆಗಳನ್ನು ಮಾತ್ರ. ಟಿ ಅಲೆ ಇಳಿದು ನೆಲ ಸೇರುವ ಜಾಗ ಎಷ್ಟು ಮಸುಕು ಅಂದ್ರೆ ಇಬ್ಬರು ತಜ್ಞರ ಬೆರಳು ಒಂದೇ ಕಡೆ ನಿಲ್ಲೋದು ಕಷ್ಟ. ಆದರೆ ಕೆಲವು ಔಷಧಿಗಳು ಹೃದಯಕ್ಕೆ ಅಪಾಯವೋ ಅಲ್ಲವೋ ಅಂತ ತೀರ್ಮಾನವಾಗೋದು ಕ್ಯುನಿಂದ ಟಿ ಮುಗಿಯುವ ತನಕದ ಅದೇ ಅಂತರದ ಮೇಲೆ. ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ದಿನವೂ ಇಸಿಜಿ ತೆಗೀತಾರೆ. ಅವನ್ನು ಹೆಸರು ಅಳಿಸಿ, ಒಪ್ಪಿಗೆ ಪಡೆದು, ತಜ್ಞರಿಂದ ಗುರುತು ಹಾಕಿಸಿ, ಸಾರ್ವಜನಿಕ ಸಂಗ್ರಹ ಮಾಡಬೇಕು ಅಂತ ಕೇಳೋದು ನನ್ನ ಪ್ರಕಾರ ರಾಜಕೀಯ ಬೇಡಿಕೆಯೇ. ಸಾರ್ವಜನಿಕರ ಎದೆಯಿಂದ ಬಂದ ಗೆರೆ ಖಾಸಗಿ ಸರ್ವರ್‌ನೊಳಗೆ ಕೂತರೆ ಅದರ ತಪ್ಪನ್ನು ಎಣಿಸುವವರು ಯಾರು?

ಯಾರ ಶ್ರಮ, ಯಾರ ಸ್ವತ್ತು ಅನ್ನೋ ಜಗಳ ಐಂಥೋವನ್‌ಗೂ ತಪ್ಪಲಿಲ್ಲ. ಅವರ ಯಂತ್ರ ತಯಾರಿಸಿ ಮಾರಿದ ಮ್ಯೂನಿಕ್‌ನ ಎಡೆಲ್‌ಮನ್ ಕೆಲಕಾಲ ರಾಯಧನ ಕೊಟ್ಟು ಆಮೇಲೆ ನಿಲ್ಲಿಸಿದರು. ನಂತರ ಕೈಹಿಡಿದಿದ್ದು ಚಾರ್ಲ್ಸ್ ಡಾರ್ವಿನ್ ಅವರ ಮಗ ಹೊರೇಸ್ ಡಾರ್ವಿನ್ ಕಟ್ಟಿದ ಕೇಂಬ್ರಿಡ್ಜ್‌ನ ಕಂಪನಿ. ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಈ ಯಂತ್ರವನ್ನು ರೋಗಿಗಳ ಹಾಸಿಗೆ ಪಕ್ಕಕ್ಕೆ ತಂದರು. ಹೃತ್ಕರ್ಣ ಕಂಪನವನ್ನು ಗೆರೆಯಲ್ಲಿ ಗುರುತಿಸಿದ್ದು ಅವರ ದೊಡ್ಡ ಕೆಲಸ. ಲೂಯಿಸ್ ಇಲ್ಲದಿದ್ದರೆ ತಮ್ಮ ಉಪಕರಣ ಇಷ್ಟು ದೂರ ಬರುತ್ತಿರಲಿಲ್ಲ ಅನ್ನೋ ಅರ್ಥದ ಮಾತನ್ನು ಐಂಥೋವನ್ ನೊಬೆಲ್ ಭಾಷಣದಲ್ಲೇ ಹೇಳಿದರು.

ಆ ನೊಬೆಲ್ ಬಂದಿದ್ದು 1924ರಲ್ಲಿ, ಅವರು ಅಮೆರಿಕದಲ್ಲಿ ಉಪನ್ಯಾಸ ಕೊಡುತ್ತಿದ್ದಾಗ. ಅವರ ಜೀವನ ಬರೆದವರು ಹೇಳುವ ಒಂದು ಕಥೆ ಇದೆ. ಯಂತ್ರ ಕಟ್ಟಲು ವರ್ಷಗಟ್ಟಲೆ ದುಡಿದ ಮೆಕ್ಯಾನಿಕ್ ವಾನ್ ಡರ್ ವೂರ್ಡ್ ಅವರನ್ನು ಐಂಥೋವನ್ ಹುಡುಕಿಸಿದರಂತೆ. ಅವರು ಅಷ್ಟೊತ್ತಿಗೆ ತೀರಿಕೊಂಡಿದ್ದರು. ಬಡವರ ಆಶ್ರಯದಲ್ಲಿ ದಿನ ದೂಡುತ್ತಿದ್ದ ಅವರ ಇಬ್ಬರು ಸಹೋದರಿಯರಿಗೆ ಬಹುಮಾನದ ಅರ್ಧ ಹಣ ಹೋಯಿತಂತೆ. ಕೇಳೋಕೆ ಹಿತವಾಗಿದೆ. ಆದರೆ ಅರ್ಧದಷ್ಟು ಪಾಲಿಗೆ ಅರ್ಹರಾದವರ ಹೆಸರು ಆ ಲೇಖನಗಳ ಮೇಲೆ ಯಾಕಿಲ್ಲ ಅನ್ನೋ ಪ್ರಶ್ನೆ ನನಗೆ ಉಳಿದೇ ಇದೆ.

ಕೊನೆಗಾಲದಲ್ಲಿ ಅವರು ಹೃದಯವನ್ನು ಬಿಟ್ಟು ರೇಡಿಯೋ ಕಡೆ ತಿರುಗಿದ್ದರು. ಎಂಜಿನಿಯರ್ ಮಗ ವಿಲ್ಲೆಮ್ ಫ್ರೆಡರಿಕ್ ಜೊತೆ ಸೇರಿ ಅದೇ ಎಳೆಯನ್ನು ನಿರ್ವಾತದಲ್ಲಿ ಕಟ್ಟಿ, ಜಾವಾದಿಂದ ಬರುವ ಸಂಕೇತಗಳನ್ನು ಹಿಡಿಯುವ ಯತ್ನ. ವಸಾಹತನ್ನು ಹಾಲೆಂಡಿಗೆ ಇನ್ನಷ್ಟು ಬಿಗಿಯಾಗಿ ಕಟ್ಟುವ ತಂತಿಯಿಲ್ಲದ ತಂತಿ. 1927ರ ಸೆಪ್ಟೆಂಬರ್ 29ರಂದು ಲೈಡನ್‌ನಲ್ಲಿ ತೀರಿಕೊಂಡಾಗ ಅವರಿಗೆ 67. ಮಗ ಜಾವಾಕ್ಕೆ ಹೋಗಿ ಬಾಂಡುಂಗ್‌ನ ರೇಡಿಯೋ ಪ್ರಯೋಗಾಲಯ ನೋಡಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೇನೆ ಜಾವಾವನ್ನು ಹಿಡಿಯಿತು. ಅವರ ಸೆರೆಯಲ್ಲೇ ಮಗ ಸತ್ತಿದ್ದು 1945ರಲ್ಲಿ, ಇಂಡೋನೇಷ್ಯಾ ತನ್ನ ಸ್ವಾತಂತ್ರ್ಯ ಘೋಷಿಸಿಕೊಂಡ ವರ್ಷ.